ಮೇಜಿಗೆ ಎರಡು ಬಡಿತ

ಕಡಬ
೧೪-೨-೧೯೬೫

ತಂಗಿ ಶಂಕರಿಗೆ ಅಣ್ಣನ ಆಶೀರ್ವಾದ.

ನೀನು ಮರ್ಕಂಜಕ್ಕೆ, ಮಗಳ ಮನೆಗೆ ಹೋಗಿ ನಾಲ್ಕು ತಿಂಗಳಾಯಿತು. ಮೂರು ಕಾಗದ ಬರೆದು ಹರಿದೆ. ತಡವಾದದ್ದಕ್ಕೆ ಅದೇ ಕಾರಣ, ಬೇರೆ ನೆಪ ಹೇಳುವುದಿಲ್ಲ. ಮಗಳು ಪರಮೇಶ್ವರಿಯ ಕೆಮ್ಮು ಗುಣವಾಯಿತೇ? ನಾನು ಗಂಜಿ ಬೇಯಿಸಲು ಕಲಿತಿದ್ದೇನೆ. ತಳ ಹಿಡಿಯುತ್ತದೆ.

ಮೊನ್ನೆ ಕುಮಾರಧಾರೆಗೆ ಅಳತೆಯವರು ಬಂದಿದ್ದರು. ಸಣ್ಣ ಪ್ರಾಯದ ಇಂಜಿನಿಯರ್ ನೀರಿನಲ್ಲಿ ಕೋಲು ನೆಟ್ಟು, "ಇದರಿಂದ ಎಷ್ಟು ಕರೆಂಟು ತೆಗೀಬಹುದು ಗೊತ್ತುಂಟಾ ಮಾಷ್ಟ್ರೆ? ಈಗ ಸುಮ್ಮನೆ ಹರಿದು ಸಮುದ್ರಕ್ಕೆ ಹೋಗ್ತಾ ಉಂಟು" ಎಂದ. ನನಗೆ ರೇಗಿತು. "ಇಪ್ಪತ್ತಮೂರರ ನೆರೆಯಲ್ಲಿ ನಮ್ಮ ಕೊಟ್ಟಿಗೆಯನ್ನೇ ಕೊಂಡುಹೋದ ಹೊಳೆ ಇದು. ಸುಮ್ಮನೆ ಹರಿಯುದಂತೆ!" ಎಂದೆ. ದೋಣಿಯ ಕುಕ್ಕಪ್ಪ ನಕ್ಕು ಅವನಿಗೆ, "ಹೊಳೆ ಯಾಕೆ ಮಾರಾಯ್ರೆ, ನಮ್ಮ ಮಾಷ್ಟ್ರ ಕೋಪದಲ್ಲೇ ಎರಡು ಬಲ್ಬು ಉರಿಸಬಹುದು" ಎಂದ.

ಮಂಗಳೂರಿನ ಗೆಳೆಯರೊಬ್ಬರು ಜರ್ಮನಿಯ ಚಿಂತಕನೊಬ್ಬನ ಮಾತುಗಳ ಸಾರ ಬರೆದು ಕಳಿಸಿದ್ದಾರೆ. ಅದರಲ್ಲೊಂದು ಪದ: ಗೆಷ್ಟೆಲ್. ಯಂತ್ರ ಬರುವ ಮೊದಲೇ ನಮ್ಮ ನೋಟಕ್ಕೊಂದು ಚೌಕಟ್ಟು ಬೀಳುತ್ತದಂತೆ. ಅದರೊಳಗಿಂದ ನೋಡಿದರೆ ಹೊಳೆ ಹೊಳೆಯಾಗಿ, ಕಾಡು ಕಾಡಾಗಿ ಕಾಣುವುದಿಲ್ಲ. ಎಲ್ಲವೂ ಕರೆದ ಕೂಡಲೇ ಕೆಲಸಕ್ಕೆ ಒದಗಬೇಕಾದ ದಾಸ್ತಾನಾಗಿ ಕಾಣುತ್ತದೆ. ಕೊನೆಗೆ ಮನುಷ್ಯನೂ ಹಾಗೆಯೇ.

ನನಗೆ ಇಷ್ಟು ಸಾಕಾಯಿತು. ಆ ಇಂಜಿನಿಯರನ ಮೇಲೆ ಪತ್ರಿಕೆಗೊಂದು ಖಾರವಾದ ಕಾಗದ ಬರೆಯಲು ಕುಳಿತೆ. ಎರಡು ಪುಟ ಸಲೀಸಾಗಿ ಬಂತು. ಗಂಟಲು ಒಣಗಿತು. ಕನ್ನಡಕದ ಪೆಟ್ಟಿಗೆಯಿಂದ ಮೇಜಿಗೆ ಎರಡು ಸಲ ಬಡಿದೆ, ನೀನಿದ್ದಾಗ ಯಾವಾಗಲೂ ಬಡಿಯುತ್ತಿದ್ದ ಹಾಗೆ. ಬಡಿದು, ಕಾಫಿ ಬರುವುದನ್ನೇ ಕಾದು ಕುಳಿತಿದ್ದೆ. ಅಡುಗೆಮನೆಯಲ್ಲಿ ಯಾರಿದ್ದಾರೆ?

ಆ ಕಾಗದ ಪತ್ರಿಕೆಗೆ ಹೋಗಲಿಲ್ಲ.

ಮಗಳು, ಅಳಿಯ, ಮೊಮ್ಮಕ್ಕಳನ್ನು ಕೇಳಿದೆನೆಂದು ಹೇಳು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಮಹಾಲಿಂಗ

ತಾ.ಕ.: ಹೊರಡುವ ದಿನ ನೀನು ಹೊಸ್ತಿಲಲ್ಲಿ ನಿಂತು ಕೇಳಿದೆಯಲ್ಲ, "ಗಂಡ ಹೋದ ಮೇಲೆ ಇಪ್ಪತ್ತೆರಡು ವರ್ಷ ಇಲ್ಲಿದ್ದೆ ಅಣ್ಣಾ. ನಾನು ಕಾಫಿ ಕುಡಿಯುದಿಲ್ಲ ಅಂತ ನಿನಗೆ ಗೊತ್ತುಂಟಾ?" ಎಂದು. ಗೊತ್ತಿರಲಿಲ್ಲ. ಹರಿದ ಮೂರೂ ಕಾಗದಗಳಲ್ಲಿ 'ಬೇಗ ಹೊರಟು ಬಾ' ಎಂದು ಬರೆದಿದ್ದೆ. ಅದೂ ಮೇಜಿಗೆ ಬಡಿದದ್ದೇ. ಈ ಸಲ ಕರೆಯುವುದಿಲ್ಲ. ಶನಿವಾರ ಸುಳ್ಯದ ಬಸ್ಸು ಹಿಡಿದು ನಾನೇ ಬರುತ್ತೇನೆ. ನನಗಾಗಿ ಒಲೆಗೆ ಏನೂ ಇಡಬೇಡ. ನಿನಗೆ ಏನು ಕುಡಿಯುವುದು ಇಷ್ಟ, ಅಷ್ಟು ಹೇಳು.