ಬಿಸಿಲಿಗೆ ಬೆದೆ ಮರೆತ ಆಕಳು

ತಾರೀಖು ೨೦ ಜುಲೈ ೧೯೪೯

ನನ್ನ ಪ್ರೀತಿಯ ಮರಿಯಮಬೀ,

ಹೈದರಾಬಾದಿನಲ್ಲಿ ನಿನ್ನ ತಮ್ಮನ ಮನೆಯಲ್ಲಿ ನೀನು ಕ್ಷೇಮವಾಗಿದ್ದೀಯೆಂದು ನಂಬಿ ಬರೆಯುತ್ತಿದ್ದೇನೆ. ನಂಬದೆ ಏನು ಮಾಡಲಿ? ನನ್ನ ಯಾವ ಪತ್ರಕ್ಕೂ ನೀನು ಉತ್ತರ ಬರೆದಿಲ್ಲ. ನಿನಗೆ ಕನ್ನಡ ಅಕ್ಷರ ಕಲಿಸಿದ್ದು ಇದಕ್ಕೇನಾ?

ಹೋದ ವರ್ಷ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ನಮ್ಮೂರು ಡಾಬಕಾ ಬಿಟ್ಟು ಹೋಗುವಾಗ ನಿನ್ನ ದೇವಣಿ ತಳಿಯ ಆಕಳ ಹಗ್ಗ ನನ್ನ ಕೈಗಿಟ್ಟು, "ನಾ ತಿರುಗಿ ಬರೂತನಕ ಮಗಳಂಗ ನೋಡ್ಕೋ, ಸುಮಿತ್ರಾ" ಎಂದಿದ್ದೆ. ನೋಡಿಕೊಂಡೆ. ಆದರೆ ಚಳಿಗಾಲಕ್ಕೆ ಹಾಲು ಬತ್ತಿತು, ಬೇಸಿಗೆ ಪೂರ್ತಿ ಅದು ಬೆದೆಗೇ ಬರಲಿಲ್ಲ. ಹೋರಿಯ ಹತ್ತಿರ ಒಯ್ದರೆ ಮುಖ ತಿರುಗಿಸುತ್ತಿತ್ತು. ನಮ್ಮ ಯಜಮಾನರದು ದಿನವೂ ಒಂದೇ ರಾಗ: "ಗೊಡ್ಡಾಕಳಿಗೆ ಎಷ್ಟು ದಿನ ಮೇವು ಹಾಕೂದು? ಹೋದವ್ರು ತಿರುಗಿ ಬರಾಂಗಿಲ್ಲ, ಮಾರಿಬಿಡೂನು."

ಹಟ ಹಿಡಿದು ಔರಾದಿನ ದನದ ದವಾಖಾನೆಗೆ ಹೊಡೆದುಕೊಂಡು ಹೋದೆ. ಡಾಕ್ಟರ್ ಖಾಸಿಂ ಅಲಿಯವರು ಕೈಹಾಕಿ ನೋಡಿ, "ಗೊಡ್ಡಲ್ರಿ ಬಾಯಿ. ಬೆದಿ ಬರಸೂ ರಸ ಮೈಯಾಗೇ ಹುಟ್ತದ. ಇಂಥಾ ಬಿಸಲಿಗೆ, ಒಣ ಜೋಳದ ಕಣಕಿಗೆ ಅದು ಕಮ್ಮಿ ಆಗ್ತದ. ಮಳಿ ಬಂದು ಹಸಿ ಹುಲ್ಲು ತಿಂದ್ರ ತಾನೇ ಬೆದಿ ಬರ್ತದ. ನೆರಳಾಗ ಕಟ್ರಿ, ಮೈಗೆ ನೀರು ಹಾಕ್ರಿ, ಸಬರ್ ಮಾಡ್ರಿ, ತಾಳ್ರಿ" ಎಂದರು. ಎಮ್ಮೆಗಳದು ಇನ್ನೂ ಕಷ್ಟವಂತೆ; ಚಳಿ ಬರುವವರೆಗೆ ಕಾಯಬೇಕಂತೆ.

ಮನೆಗೆ ಬಂದು ಹೇಳಿದರೆ ಯಜಮಾನರಿಗೆ ನಗು! "ಬಿಸಲಿಗೂ ಬೆದಿಗೂ ಏನು ಸಂಬಂಧ? ಅವ ತಮ್ಮವರ ಆಕಳ ಉಳಸಾಕ ಹೇಳ್ಯಾನ" ಎಂದರು. ಬಾವಿಯಿಂದ ಕೊಡ ಹೊತ್ತು ತಂದು ಆಕಳ ಮೈಗೆ ಸುರಿದರೆ ಅತ್ತೆಯ ಗೊಣಗಾಟ: "ಕುಡೀಲಾಕ ನೀರಿಲ್ಲ, ಇಕಿ ಆಕಳಿಗೆ ಜಳಕ ಮಾಡಸ್ತಾಳ." ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿತ್ತು, ಮರಿಯಮ.

ಮುಂಗಾರಿನ ಮಿರಗದ ಮಳೆ ಇನ್ನೇನು ಬರಬೇಕು, ಅಷ್ಟರಲ್ಲಿ ಯಜಮಾನರು ಆಕಳನ್ನು ಬಂಡಿಯ ಹಿಂದೆ ಕಟ್ಟಿ ಭಾಲ್ಕಿ ಸಂತೆಗೆ ಹೊರಟರು. ಕರೆಯದಿದ್ದರೂ ನಾನೂ ಬಂಡಿ ಹತ್ತಿದೆ. ಸಂತೆಯಲ್ಲಿ ಹಗ್ಗ ಹಿಡಿದು ನಿಂತು, ಹಲ್ಲು ನೋಡಲು ಬಂದವರಿಗೆಲ್ಲ, "ಇದು ನಮ್ಮ ಆಕಳಲ್ರಿ, ಮರಿಯಮಬೀದು. ಆಕಿ ಕೇಳಾಕ ಬಂದ್ರ ನಿಮ್ಮ ಮನಿ ತೋರಸ್ತೇನ್ರಿ" ಎಂದೆ. ಕಳವಿನ ದನವೇನೋ ಎಂದು ಹೆದರಿ ಎಲ್ಲರೂ ಸರಿದುಹೋದರು. ಅಷ್ಟು ಜನರ ಮುಂದೆ ಯಜಮಾನರ ಮುಖ ಕೆಂಡವಾಯಿತು. ಬಂಡಿ ಹೂಡಿದರು. ಇರಲಿ ಬಿಡು.

ಮಳೆ ಬಂತು. ಬದುವಿನಲ್ಲಿ ಹುಲ್ಲು ಚಿಗುರಿತು. ಮೊನ್ನೆ ಮುಂಜಾನೆ ನಿನ್ನ ಆಕಳು ಮೇವು ಮುಟ್ಟದೆ ಒಂದೇ ಸಮನೆ ಕೂಗಿ ಹಗ್ಗ ಜಗ್ಗಿತು. ಬೆದೆ! ಓಡಿಹೋಗಿ ಹೋರಿ ಕೂಡಿಸಿಕೊಂಡು ಬಂದೆ. ಯಾರಿಗೆ ತೋರಿಸಿ ಗೆದ್ದೆನೆಂದು ಹೇಳಬೇಕಿತ್ತೋ ಅವರು ನೋಡಲಿಲ್ಲ. ಸುದ್ದಿ ಕೇಳಬೇಕಾದ ನೀನು ತುಟಿ ಬಿಚ್ಚುವುದಿಲ್ಲ. ಕರು ಹಾಕುವ ಹೊತ್ತಿಗಾದರೂ ಬಂದು ನಿನ್ನ ಆಕಳ ಹಗ್ಗ ಹಿಡಿದುಕೋ.

ನಿನ್ನ ಮೇಲೆ ಸಿಟ್ಟಾಗಿರುವ ಗೆಳತಿ,
ಸುಮಿತ್ರಾಬಾಯಿ

ತಾ.ಕ.: ಉತ್ತರವನ್ನು ಡಾಬಕಾಕ್ಕೆ ಬರೆಯಬೇಡ. ಭಾಲ್ಕಿಗೆ, ನಮ್ಮಪ್ಪ ಹಾವಗೆಪ್ಪನವರ ಮನೆಗೆ ಬರಿ. ಆ ದಿನ ಸಂತೆಯಿಂದ ಯಜಮಾನರ ಬಂಡಿ ಖಾಲಿಯೇ ಊರಿಗೆ ತಿರುಗಿ ಹೋಯಿತು. ನಾನೂ ಆಕಳೂ ಇಲ್ಲೇ ಉಳಿದೆವು.