ಕಲಕಬೇಡ

ಕಾರ್ಖಾನೆಯ ಕ್ಯಾಂಟೀನು
ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಮೇಷ್ಟ್ರಮ್ಮನಿಗೆ,

ಅಪ್ಪನ ಆಶೀರ್ವಾದ. ಫೋನನ್ನು ಗೇಟಿನಲ್ಲೇ ಇಸಿದುಕೊಂಡಿದ್ದಾರೆ, ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಇಲ್ಲಿಯ ಮೇಜಿಗೆ ಒಂದು ಕಾಲು ಗಿಡ್ಡ.

ನೀನು ಕೆಮಿಸ್ಟ್ರಿ ಓದುವಾಗ ಈ ಹಳೇ ನಟನಿಗೆ ನಾಟಕದ ಭಾಷೆಯಲ್ಲೇ ಪಾಠ ಹೇಳಿದ್ದೆ. ಬಿಸಿ ಎಂದರೆ ಖಳನಾಯಕ, ಹತ್ತು ಡಿಗ್ರಿ ಏರಿದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿ. ಗಾಢತೆ ಎಂದರೆ ರಂಗದ ಮೇಲಿನ ನೂಕುನುಗ್ಗಲು. ವೇಗವರ್ಧಕ ಎಂದರೆ ಎರಡು ಮನೆ ಕೂಡಿಸಿ, ತಾನು ಬಂದ ಹಾಗೇ ಎದ್ದುಹೋಗುವ ಮದುವೆ ದಲ್ಲಾಳಿ. ನಾನು ನಕ್ಕೂ ನಕ್ಕೂ ಸುಸ್ತಾದೆ. ನೀನು ಮಾತ್ರ ನಗದೆ, ಬೆರೆತರೇನೇ ಜಗಳ ಅಪ್ಪಾ, ಅದನ್ನ ಮರೀಬೇಡ, ಎಂದೆ.

ಇವತ್ತು ಬಣ್ಣ ಕಾಯಿಸುವ ದೊಡ್ಡ ಪಾತ್ರೆಯಲ್ಲಿ ಕಲಕುವ ಮೋಟರು ನಿಂತುಹೋಗಿತ್ತು. ಯಾರೂ ನೋಡಲಿಲ್ಲ. ಆಸಿಡ್ ಸುರಿಯುತ್ತಲೇ ಇತ್ತು. ನಾನು ಕಂಡು ನಿಲ್ಲಿಸುವಷ್ಟರಲ್ಲಿ ಒಂದು ದ್ರವದ ಕೆಳಗೆ ಇನ್ನೊಂದು ಬೆರೆಯದೆ ಹೊಂಚುಹಾಕಿ ಮಲಗಿತ್ತು. ಈಗ ಕಲಕಿದರೆ, ದಿನವಿಡೀ ತೊಟ್ಟುತೊಟ್ಟಾಗಿ ನಡೆಯಬೇಕಾದ ಜಗಳ ಒಂದೇ ಉಸಿರಿಗೆ. ಆಮೇಲೆ ಪಾತ್ರೆಯೂ ಇಲ್ಲ, ಷೆಡ್ಡೂ ಇಲ್ಲ.

ಎಲೆಕ್ಟ್ರಿಷಿಯನ್ ಫ್ಯೂಸ್ ಹಾಕಿ ಮೋಟರಿನ ಸ್ವಿಚ್ಚಿಗೆ ಕೈ ಚಾಚಿದ. ನಿಲ್ಲು, ಮುಟ್ಟಿದರೆ ಸರ್ವನಾಶ, ಎಂದು ಗರ್ಜಿಸಿದೆ. ಅವನು ಚಪ್ಪಾಳೆ ತಟ್ಟಿದ, ಮಗಳೇ. ಭಲೇ ಮಹಾರಾಜ್ರೇ, ಇವತ್ತು ಯಾವ ನಾಟ್ಕ, ಎಂದ. ಟೀ ತಡವಾದರೂ ಹೀಗೇ ಗರ್ಜಿಸುವ ಬಾಯಿ ನನ್ನದು; ಅವನ ತಪ್ಪೇನು? ನಗುತ್ತಲೇ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಬೇಡ ಕಣೋ, ನಂಗೆ ಭಯ ಆಗ್ತಿದೆ, ಎಂದೆ; ನನಗೇ ಕೇಳಿಸದಷ್ಟು ಮೆಲ್ಲಗೆ.

ಅವನ ಮುಖ ಬಿಳಿಚಿಕೊಂಡಿತು. ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ.

ಎಲ್ಲರನ್ನೂ ಹೊರಗೆ ಕಳಿಸಿಯಾಗಿದೆ. ಪಾತ್ರೆಯ ಸುತ್ತಲಿನ ಕೊಳವೆಗೆ ತಣ್ಣೀರು ಬಿಟ್ಟಿದೆ. ತಣಿದರೆ ಗೆದ್ದ ಹಾಗೆ. ನಾನಂತೂ ಹಾಯಾಗಿ ಟೀ ಕುಡಿಯುತ್ತ ಕೂತಿದ್ದೇನೆ. ಅಮ್ಮನಿಗೆ ಏನೂ ಹೇಳಬೇಡ.

ನಿನ್ನ
ಗುಡುಗಪ್ಪ

ಮರೆತ ಮಾತು: ಮೇಜೂ ಇಲ್ಲ, ಟೀಯೂ ಇಲ್ಲ, ಮಗಳೇ. ಪಾತ್ರೆಯ ಪಕ್ಕದ ನೀರಿನ ನಲ್ಲಿ ಸವೆದುಹೋಗಿದೆ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಎಡಗೈ ಅದರ ಮೇಲಿದೆ, ಕಾಗದ ತೊಡೆಯ ಮೇಲೆ. ಇದನ್ನು ಒಯ್ಯಲು ಎಲೆಕ್ಟ್ರಿಷಿಯನ್ ಕಿಟಕಿಯಿಂದ ಕೈ ಚಾಚಿದ್ದಾನೆ; ಹೋಗೋ ಅಂದರೂ ಹೋಗುತ್ತಿಲ್ಲ. ಬಿಸಿಯ ಮುಳ್ಳು ಎರಡು ಗೆರೆ ಏರಿತ್ತು. ಈಗ ನಿಂತಿದೆ. ಇಳಿದಿಲ್ಲ. ನೀನು ನಂಬಲಿ ಅಂತ ಮೆಲ್ಲಗೆ ಹೇಳ್ತಿದ್ದೀನಿ.