ಒಗೆಯದ ಏಪ್ರನ್

ಗುವಾಯಾಕಿಲ್

ಅಮ್ಮಾ,

ಫೋನಿನಲ್ಲಿ ಹೇಳಹೋದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮೊಮ್ಮಗ ಜಾಂದ್ರಿ ಚೆನ್ನಾಗಿದ್ದಾನೆ, ಗೋಡೆ ಹಿಡಿದು ನಿಲ್ಲುತ್ತಾನೆ.

ಅವತ್ತು ನೀನು ಹುರಿದ ಕಡಲೆಕಾಯಿಯ ಪುಡಿಯನ್ನು ಬೆರಳ ತುದಿಯಲ್ಲಿ ಅವನಿಗೆ ನೆಕ್ಕಿಸಿದೆ. ನಮ್ಮೂರಲ್ಲಿ ಯಾವ ಅಜ್ಜಿ ನೆಕ್ಕಿಸುವುದಿಲ್ಲ? ತುಟಿ ಊದಿ ಮೈಯೆಲ್ಲ ದದ್ದು ಎದ್ದಾಗ, "ಯಾರದೋ ಕಣ್ಣು ಬಿದ್ದಿದೆ ಕಣೇ, ಮೊಟ್ಟೆ ತಾ, ಮೈಗೆ ಸವರಿ ದೃಷ್ಟಿ ತೆಗೀತೀನಿ" ಅಂದೆ. ಸವರುತ್ತಿದ್ದಂತೆಯೇ ಅವನ ಉಸಿರು ಸಿಳ್ಳೆ ಹಾಕತೊಡಗಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಮೇಲೇ ಅವನು ಬಾಯಿಬಿಟ್ಟು ಅತ್ತದ್ದು. ಅದು ಕಣ್ಣಲ್ಲಮ್ಮ, ಕಡಲೆಕಾಯಿ. ಅವನಿಗೆ ಅದರ ಅಲರ್ಜಿ. ಇನ್ನು ಅದರ ಧೂಳೂ ಅವನ ಬಾಯಿಗೆ ಹೋಗಬಾರದಂತೆ.

ನಿನ್ನ ಅಡುಗೆಮನೆಯಲ್ಲಿ ಕಡಲೆಕಾಯಿ ಬೀಳದ ಸಾರೇ ಇಲ್ಲ. ಬೀಸುವ ಕಲ್ಲಿಗೂ ಅದರದೇ ವಾಸನೆ. ಹಾಗಾಗಿ ಈ ಕ್ರಿಸ್‌ಮಸ್ಸಿಗೆ ನಾವು ಬರುವುದಿಲ್ಲ, ನೀನೇ ಬಾ. ಒಗೆದ ಬಟ್ಟೆ ತೊಟ್ಟು, ಬರಿಗೈಯಲ್ಲಿ ಬಾ. "ಮೊಮ್ಮಗನ ಮನೆಗೆ ಬರಿಗೈಲಿ ಹೋಗೋಕೆ ನಾನೇನು ಗತಿ ಇಲ್ದೋಳಾ?" ಅನ್ನಬೇಡ. ಬಂದವಳೇ ಸೋಪು ಹಚ್ಚಿ ಕೈ ತೊಳೆದುಕೊ. ಆಮೇಲೆ ಎಷ್ಟು ಬೇಕಾದರೂ ಮುದ್ದಾಡು.

ಇನ್ನೊಂದು ಮಾತು. ಕಡಲೆಕಾಯಿ ಹುರಿಯುವಾಗ ನೀನು ಕಟ್ಟಿಕೊಳ್ಳುವ ಏಪ್ರನ್ ಇದೆಯಲ್ಲ, ಅದನ್ನು ಒಗೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಗಂಟು ಹಾಕಿ, ನಮ್ಮೂರು ಹಿಪಿಹಾಪಾದಿಂದ ಇಲ್ಲಿಗೆ ಬರುವ ಬಸ್ಸಿನಲ್ಲಿ ಕಳಿಸು. ಮನೆಗೆ ಬೇಡ, ನಾನು ಕೆಲಸ ಮಾಡುವ ಹೋಟೆಲಿನ ಲಾಂಡ್ರಿಗೆ. ಊಟದ ಬಿಡುವಿನಲ್ಲಿ ಸ್ವಲ್ಪ ಹೊತ್ತು ಮುಖಕ್ಕೆ ಒತ್ತಿಕೊಂಡಿರುತ್ತೇನೆ. ಆಮೇಲೆ ಅದನ್ನೂ ಒಗೆದು, ನನ್ನ ಮುಖವನ್ನೂ ತೊಳೆದುಕೊಂಡು ಮಗನ ಹತ್ತಿರ ಹೋಗುತ್ತೇನೆ.

ನಿನ್ನ
ನಾರ್ಸಿಸಾ